ನಿಂತ ಬಂಡಿಯ ಬಾಡಿಗೆ ಯಾರ ತಲೆಗೆ?

ಓಡಲೆಂದು ಮಾಡಿದ ವಾಹನ ನಿಂತಲ್ಲಿಯೇ ನಿಂತಿದ್ದರೂ ಅದಕ್ಕೆ ಖರ್ಚು ತಪ್ಪದು. ಹಳ್ಳಿಯ ಒಕ್ಕಲಿಗೆ ಇದು ಹೊಸ ಮಾತಲ್ಲ. ಎತ್ತಿನ ಗಾಡಿ ಇದ್ದ ಮನೆಯಲ್ಲಿ ಅದನ್ನು ನಿಲ್ಲಿಸುವುದಕ್ಕೆ ಒಂದು ಸೂರು ಇರುತ್ತಿತ್ತು. ಮಳೆಗಾಲ ಹಿಡಿಯುವ ಮುನ್ನ ಗಾಡಿಯನ್ನು ಆ ಸೂರಿನಡಿಗೆ ಸೇರಿಸಿ, ಅಚ್ಚಿಗೆ ಎಣ್ಣೆ ಹಾಕಿ, ಮರ ಕೊಳೆಯದಂತೆ ನೋಡಿಕೊಳ್ಳುತ್ತಿದ್ದರು. ನೊಗ ಇಳಿಸಿದ ಮೇಲೂ ಗಾಡಿಯ ಹೊಣೆ ಇಳಿಯುತ್ತಿರಲಿಲ್ಲ. ಆದರೆ ಆ ಗಾಡಿ ದುಡಿಯುವ ಗಾಡಿ. ವರ್ಷದಲ್ಲಿ ಕೆಲವೇ ದಿನಗಳ ವಿಹಾರಕ್ಕಾಗಿ ಕೊಂಡ, ಮನೆಯಷ್ಟು ಗಾತ್ರದ ವಾಹನವೊಂದು ಉಳಿದ ದಿನಗಳಲ್ಲಿ ಎಲ್ಲಿ ನಿಲ್ಲಬೇಕು, ಆ ಜಾಗದ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆ ಬೇರೆಯೇ ಬಗೆಯದು. ಅಮೆರಿಕದ ಸಂಯುಕ್ತ ಸಂಸ್ಥಾನ ಈ ಪ್ರಶ್ನೆಯನ್ನು ದಶಕಗಳಿಂದ ಎದುರಿಸುತ್ತಿದೆ. ಪಶ್ಚಿಮಘಟ್ಟದ ಊರುಗಳ ಬಾಗಿಲಿಗೆ ಅದು ಈಗಷ್ಟೇ ಬರುತ್ತಿದೆ. ಬಂದು ಕುಳಿತ ಮೇಲೆ ಯೋಚಿಸುವುದಕ್ಕಿಂತ ಬರುವ ಮುನ್ನವೇ ಯೋಚಿಸುವುದು ಲೇಸು.

ಇಪ್ಪತ್ತು ದಿನಗಳ ಮನೆ

ಅಲ್ಲಿ ‘ಆರ್‌ವಿ’ ಎಂದು ಕರೆಯಲ್ಪಡುವ ವಿಹಾರ ವಾಹನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸ್ವಂತ ಎಂಜಿನ್ ಉಳ್ಳ ಮೋಟಾರ್‌ಹೋಮ್ ಒಂದು. ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಇನ್ನೊಂದು. ಮಂಚ, ಒಲೆ, ಶೀತಕಪೆಟ್ಟಿಗೆ, ಶೌಚಾಲಯ, ನೀರಿನ ತೊಟ್ಟಿ, ಅನಿಲದ ಸಿಲಿಂಡರ್ ಎಲ್ಲವೂ ಇವುಗಳೊಳಗೆ ಅಡಕವಾಗಿರುತ್ತವೆ. ದೊಡ್ಡ ಮೋಟಾರ್‌ಹೋಮ್‌ಗಳು 40 ಅಡಿಯಷ್ಟು ಉದ್ದವಿರುವುದುಂಟು. ಇಂಡಿಯಾನ ರಾಜ್ಯದ ಎಲ್ಕಾರ್ಟ್ ಪ್ರದೇಶ ಈ ಉದ್ಯಮದ ತವರು. ಕೋವಿಡ್ ಕಾಲದಲ್ಲಿ ವಿಮಾನ ಮತ್ತು ಹೋಟೆಲುಗಳಿಗೆ ಅಂಜಿದ ಜನ ಇವುಗಳಿಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ವಿಹಾರ ವಾಹನಗಳ ಸಂಖ್ಯೆ ಆರು ಲಕ್ಷವನ್ನು ದಾಟಿ ದಾಖಲೆಯಾಯಿತು. 2023ರ ಹೊತ್ತಿಗೆ ಅದು ಮೂರು ಲಕ್ಷದ ಆಸುಪಾಸಿಗೆ ಕುಸಿಯಿತು. ಆದರೆ ಮಾರಾಟ ಕುಸಿದರೂ ಅದಾಗಲೇ ಮಾರಾಟವಾದ ವಾಹನಗಳು ಮಾಯವಾಗುವುದಿಲ್ಲ. ಅವು ಎಲ್ಲಿಯಾದರೂ ನಿಂತಿರಲೇಬೇಕು.

2021ರಲ್ಲಿ ಆ ಉದ್ಯಮವೇ ನಡೆಸಿದ ಸಮೀಕ್ಷೆಯೊಂದರ ಪ್ರಕಾರ, ಅಮೆರಿಕದ ಸುಮಾರು 1 ಕೋಟಿ 12 ಲಕ್ಷ ಕುಟುಂಬಗಳ ಬಳಿ ಇಂತಹ ವಾಹನವಿತ್ತು. ಮಧ್ಯಮ ಪ್ರಮಾಣದಲ್ಲಿ ಒಂದು ಕುಟುಂಬ ಅದನ್ನು ಬಳಸುತ್ತಿದ್ದುದು ವರ್ಷಕ್ಕೆ 20 ದಿನ. ಉದ್ಯಮಿಗಳು ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ತಿರುಗಿಸಿ ಓದಿದರೆ ಅದರ ಅರ್ಥ ಬೇರೆಯಾಗುತ್ತದೆ. ಉಳಿದ 345 ದಿನ ಆ ವಾಹನ ಕದಲದೆ ನಿಂತಿರುತ್ತದೆ. ಹಾಗಾದರೆ ಕೊಂಡವನು ಕೊಂಡದ್ದು ಪ್ರಯಾಣವನ್ನೇ, ನಿಲುಗಡೆಯನ್ನೇ?

ನಿಲ್ಲಿಸುವ ದಾರಿಗಳು

ಮೊದಲನೆಯ ದಾರಿ ಸ್ವಂತ ಮನೆಯ ಅಂಗಳ. ಹಣದ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಅಗ್ಗ. ಆದರೆ ಅಮೆರಿಕದ ಅನೇಕ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘಗಳು ಇದಕ್ಕೆ ಅವಕಾಶ ಕೊಡುವುದಿಲ್ಲ. ಅನೇಕ ನಗರಾಡಳಿತಗಳೂ ಬೀದಿಯಲ್ಲಿ ಇವುಗಳನ್ನು ನಿಲ್ಲಿಸುವುದಕ್ಕೆ ಗಂಟೆಗಳ ಮಿತಿ ಹಾಕಿವೆ. ನೆರೆಮನೆಯ ಬೆಳಕಿಗೆ ಅಡ್ಡವಾಗುತ್ತದೆ, ತಿರುವಿನಲ್ಲಿ ಎದುರಿನ ವಾಹನ ಕಾಣುವುದಿಲ್ಲ, ಬಡಾವಣೆಯ ಅಂದ ಕೆಡುತ್ತದೆ ಎಂಬಿವು ಕಾರಣಗಳು.

ಎರಡನೆಯದು ಬೇಲಿ ಹಾಕಿದ ಬಯಲು. ಜಲ್ಲಿ ಅಥವಾ ಡಾಂಬರು ಹಾಸಿದ ನೆಲ, ಬೀಗದ ಗೇಟು, ಕ್ಯಾಮೆರಾ ಕಾವಲು. ಸೂರು ಮಾತ್ರ ಇಲ್ಲ. ಊರು ಮತ್ತು ವಾಹನದ ಉದ್ದವನ್ನು ಅನುಸರಿಸಿ ಇದರ ಬಾಡಿಗೆ ಸ್ಥೂಲವಾಗಿ ತಿಂಗಳಿಗೆ 50ರಿಂದ 150 ಡಾಲರ್. ಮೂರನೆಯದು ಮೇಲೆ ತಗಡಿನ ಚಪ್ಪರವಿರುವ, ಬದಿಗಳು ತೆರೆದಿರುವ ಜಾಗ. ಬಿಸಿಲು, ಆಲಿಕಲ್ಲು, ಹಿಮಗಳಿಂದ ಇದು ಮಾಡನ್ನು ಕಾಯುತ್ತದೆ. ಬಾಡಿಗೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಕೆಲವೆಡೆ ಈ ಚಪ್ಪರಗಳ ಮೇಲೆ ಸೌರಫಲಕಗಳನ್ನು ಹೂಡಿ ವಿದ್ಯುತ್ ಪಡೆಯುತ್ತಿರುವುದು ಮೆಚ್ಚತಕ್ಕ ಸಂಗತಿ. ನಾಲ್ಕನೆಯದು ನಾಲ್ಕೂ ಕಡೆ ಗೋಡೆಯಿರುವ ಉಗ್ರಾಣ. ದೊಡ್ಡ ನಗರಗಳ ಬಳಿ ಇದಕ್ಕೆ ತಿಂಗಳಿಗೆ 300 ಡಾಲರ್ ಅಥವಾ ಅದಕ್ಕೂ ಹೆಚ್ಚು ತೆರಬೇಕಾದೀತು. ಉಷ್ಣತೆಯನ್ನು ಹದದಲ್ಲಿಡುವ ಉಗ್ರಾಣವಾದರೆ ಇನ್ನೂ ದುಬಾರಿ.

ಈಗ ಒಂದು ಸರಳ ಲೆಕ್ಕ ಹಾಕಬಹುದು. ತಿಂಗಳಿಗೆ 100 ಡಾಲರ್ ಬಾಡಿಗೆ ಎಂದರೆ ವರ್ಷಕ್ಕೆ 1200 ಡಾಲರ್. ಇದನ್ನು ಬಳಕೆಯ 20 ದಿನಗಳಿಗೆ ಹಂಚಿದರೆ, ವಿಹಾರದ ಪ್ರತಿ ದಿನಕ್ಕೆ 60 ಡಾಲರ್ ಕೇವಲ ನಿಲುಗಡೆಯ ಬಾಬ್ತು. ತಿಂಗಳಿಗೆ 300 ಡಾಲರಿನ ಉಗ್ರಾಣವಾದರೆ ಅದು ದಿನಕ್ಕೆ 180 ಡಾಲರ್ ಆಗುತ್ತದೆ. ಸಾಲದ ಬಡ್ಡಿ, ವಿಮೆ, ಇಂಧನ, ತಂಗುದಾಣದ ಶುಲ್ಕ ಇವಾವುವೂ ಇದರಲ್ಲಿ ಸೇರಿಲ್ಲ.

ನಿಂತದ್ದೂ ಸವೆಯುತ್ತದೆ

ನಿಲ್ಲಿಸಿದ ವಾಹನ ಸುಮ್ಮನೆ ಇದ್ದಂತೆ ಇರುವುದಿಲ್ಲ. ಉತ್ತರದ ಶೀತ ರಾಜ್ಯಗಳಲ್ಲಿ ಚಳಿಗಾಲಕ್ಕೆ ಮುನ್ನ ನೀರಿನ ಕೊಳವೆಗಳನ್ನು ಪೂರ್ತಿ ಬರಿದು ಮಾಡಬೇಕು. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೊಳವೆ ಸೀಳುತ್ತದೆ. ಆದ್ದರಿಂದ ಕೊಳವೆಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಗುಲಾಬಿ ಬಣ್ಣದ ದ್ರವವನ್ನು ತುಂಬುತ್ತಾರೆ. ಕಾರಿನ ಎಂಜಿನ್ನಿಗೆ ಬಳಸುವ ಎಥಿಲೀನ್ ಗ್ಲೈಕಾಲ್ ವಿಷಕಾರಿ. ಕುಡಿಯುವ ನೀರು ಹರಿಯುವ ಕೊಳವೆಗೆ ಅದು ಸಲ್ಲದು. ಬ್ಯಾಟರಿಯನ್ನು ಕಳಚಿಡಬೇಕು, ಅನಿಲದ ಕವಾಟವನ್ನು ಮುಚ್ಚಬೇಕು, ಬೂಸಲು ಹಿಡಿಯದಂತೆ ಶೀತಕಪೆಟ್ಟಿಗೆಯ ಬಾಗಿಲನ್ನು ತೆರೆದಿಡಬೇಕು, ಮಲಿನ ನೀರಿನ ತೊಟ್ಟಿಗಳನ್ನು ನಿಗದಿತ ಜಾಗದಲ್ಲಿ ಖಾಲಿ ಮಾಡಿ ತೊಳೆಯಬೇಕು.

ಇಷ್ಟಾದರೂ ಇಲಿಗಳು ತಂತಿಗಳನ್ನು ಕಡಿಯುತ್ತವೆ. ಬಿಸಿಲಿಗೆ ಮಾಡಿನ ರಬ್ಬರ್ ಪೊರೆ ಮತ್ತು ಸಂದುಗಳ ಅಂಟು ಬಿರುಕು ಬಿಡುತ್ತವೆ. ಅಲ್ಲಿಂದ ಜಿನುಗಿದ ನೀರು ಒಳಗಿನ ಮರವನ್ನು ಕೊಳೆಸುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿದು ಕೇಡು ಇಮ್ಮಡಿಯಾಗುತ್ತದೆ. ಟೈರುಗಳು ಸವೆಯುವ ಮೊದಲೇ ಮುಪ್ಪಾಗುತ್ತವೆ. ಮೇಲಿನ ಅಚ್ಚು ಹೊಸದರಂತೆ ಕಂಡರೂ ಕೆಲವು ವರ್ಷಗಳಲ್ಲಿ ಬದಲಿಸಬೇಕಾಗುತ್ತದೆ. ಓಡದ ವಾಹನ ಓಡುವ ವಾಹನಕ್ಕಿಂತ ಬೇಗ ಹಾಳಾಗುವ ವಿಪರ್ಯಾಸವನ್ನು ಇಲ್ಲಿ ಕಾಣಬಹುದು. ಕೊನೆಗೆ ಮಾರಲೂ ಆಗದ, ಇಡಲೂ ಆಗದ ವಾಹನವನ್ನು ಬೀದಿಯಲ್ಲಿ ಬಿಟ್ಟುಹೋಗುವವರಿದ್ದಾರೆ. ಮರ, ಫೈಬರ್‌ಗ್ಲಾಸ್, ಫೋಮ್, ತಗಡುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ ಈ ದೇಹವನ್ನು ಬಿಡಿಸಿ ಮರುಬಳಕೆ ಮಾಡುವುದು ಸುಲಭವಲ್ಲ. ಎಳೆದೊಯ್ದು ಒಡೆಯುವ ಖರ್ಚು ಆಗ ನಗರಾಡಳಿತದ, ಅಂದರೆ ಎಲ್ಲ ತೆರಿಗೆದಾರರ, ತಲೆಯ ಮೇಲೆ ಬೀಳುತ್ತದೆ.

ಪುಕ್ಕಟೆ ಎಂಬುದಿಲ್ಲ

ಅಮೆರಿಕದ ನಗರ ಯೋಜನಾ ತಜ್ಞ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಎಂಬ ಗ್ರಂಥ ಈ ವಿಷಯದಲ್ಲಿ ಕಣ್ಣು ತೆರೆಸಿತು. 2025ರಲ್ಲಿ ತೀರಿಕೊಂಡ ಶೂಪ್ ತಮ್ಮ ಜೀವಮಾನವಿಡೀ ವಾದಿಸಿದ್ದು ಇಷ್ಟನ್ನೇ: ಪುಕ್ಕಟೆ ನಿಲುಗಡೆ ಎಂಬುದು ಎಲ್ಲಿಯೂ ಇಲ್ಲ, ವಾಹನದ ಒಡೆಯ ಕೊಡದ ಹಣವನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ. ಅಂಗಡಿಯ ಸರಕಿನ ಬೆಲೆಯಲ್ಲಿ, ಮನೆಯ ಬಾಡಿಗೆಯಲ್ಲಿ, ಊರಿನ ತೆರಿಗೆಯಲ್ಲಿ ಅದು ಅಡಗಿ ಕುಳಿತಿರುತ್ತದೆ. ವಾಹನವೇ ಇಲ್ಲದವನೂ ಅದನ್ನು ತೆರುತ್ತಾನೆ.

ಇದನ್ನು ಅರಿತ ದೇಶಗಳು ಬೇರೆ ಬೇರೆ ರೀತಿಯಲ್ಲಿ ಕಟ್ಟುಪಾಡು ಮಾಡಿಕೊಂಡಿವೆ. ಜಪಾನಿನಲ್ಲಿ 1962ರ ಕಾನೂನಿನಂತೆ, ಬಹುತೇಕ ಊರುಗಳಲ್ಲಿ ಕಾರು ಕೊಳ್ಳುವವನು ತನಗೆ ನಿಲುಗಡೆಯ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಆ ಜಾಗ ಮನೆಯಿಂದ ಎರಡು ಕಿಲೋಮೀಟರಿನ ಒಳಗಿರಬೇಕು. ಮೊದಲು ಜಾಗ, ಆಮೇಲೆ ವಾಹನ ಎಂಬುದು ಅಲ್ಲಿನ ನೀತಿ.

ಬ್ರಿಟನ್ನಿನಲ್ಲಿ ಕ್ಯಾರವಾನ್‌ಗಳನ್ನು ನಿಲ್ಲಿಸಿಕೊಳ್ಳುವುದು ಎಷ್ಟೋ ರೈತರಿಗೆ ಉಪಕಸುಬಾಗಿದೆ. ಹಳೆಯ ಕೊಟ್ಟಿಗೆ, ಉಳುಮೆಗೆ ಒದಗದ ಮೂಲೆ ಇವುಗಳನ್ನು ಅವರು ಇದಕ್ಕೆ ಬಿಟ್ಟುಕೊಡುತ್ತಾರೆ. ಅಲ್ಲಿನ ಕ್ಯಾರವಾನ್ ನಿಲುಗಡೆ ತಾಣಗಳ ಮಾಲೀಕರ ಸಂಘವು ಕಾವಲು ವ್ಯವಸ್ಥೆಯನ್ನು ಪರೀಕ್ಷಿಸಿ ತಾಣಗಳಿಗೆ ಚಿನ್ನ, ಬೆಳ್ಳಿ, ಕಂಚಿನ ದರ್ಜೆಗಳನ್ನು ಕೊಡುತ್ತದೆ. ಆದರೆ ಕೃಷಿಭೂಮಿಯನ್ನು ನಿಲುಗಡೆಯ ವ್ಯಾಪಾರಕ್ಕೆ ತಿರುಗಿಸಬೇಕಾದರೆ ಸ್ಥಳೀಯ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ರಸ್ತೆ ತಡೆದೀತೇ, ನೋಟ ಕೆಟ್ಟೀತೇ, ನೆರೆಯವರ ಆಕ್ಷೇಪವೇನು ಎಂದು ವಿಚಾರಿಸಿಯೇ ಅದು ತೀರ್ಮಾನಿಸುತ್ತದೆ.

ಅಮೆರಿಕದ ಸಾರ್ವಜನಿಕ ಭೂಮಿಯ ನಿಯಮವೂ ಗಮನಾರ್ಹ. ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯ ವಶದಲ್ಲಿರುವ ಬಯಲುಗಳಲ್ಲಿ ಒಂದೇ ಕಡೆ ಬಿಡಾರ ಹೂಡಬಹುದಾದದ್ದು ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಮಾತ್ರ. ಆಮೇಲೆ ವಾಹನ ಅಲ್ಲಿಂದ ಕದಲಬೇಕು. ಎಲ್ಲರಿಗೂ ಸೇರಿದ ನೆಲದಲ್ಲಿ ತಂಗಬಹುದು, ಆದರೆ ಅದು ಯಾರೊಬ್ಬರ ಉಗ್ರಾಣವೂ ಆಗಬಾರದು ಎಂಬ ವಿವೇಕ ಇದರ ಹಿಂದಿದೆ.

ಇಲ್ಲಿ ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಮನೆ ಬಾಡಿಗೆ ಕೊಡಲಾಗದ ಸಾವಿರಾರು ಅಮೆರಿಕನ್ನರಿಗೆ ಹಳೆಯ ವಿಹಾರ ವಾಹನವೇ ಕೊನೆಯ ಸೂರು. ಉಳ್ಳವರ ವಾಹನಗಳು ಬೀದಿಯಲ್ಲಿ ನಿಲ್ಲದಿರಲೆಂದು ಮಾಡಿದ ನಿಯಮ ಇಂತಹವರನ್ನು ಬೀದಿಗೆ ತಳ್ಳಿದರೆ ಅದು ನ್ಯಾಯವಲ್ಲ. ವಾಸದ ಪ್ರಶ್ನೆ ಬೇರೆ, ವಿಹಾರದ ಪ್ರಶ್ನೆ ಬೇರೆ.

ಘಟ್ಟದ ಮೇಲೆ ಬರುವ ಬಂಡಿ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್ ಪ್ರವಾಸಕ್ಕೂ ಕ್ಯಾರವಾನ್ ತಂಗುದಾಣಗಳಿಗೂ ಪ್ರೋತ್ಸಾಹ ಕೊಡುವ ನೀತಿಯೊಂದನ್ನು ರೂಪಿಸಿತು. ಕೇರಳ ಸರ್ಕಾರ 2021ರಲ್ಲಿ ತನ್ನದೇ ಕ್ಯಾರವಾನ್ ನೀತಿಯನ್ನು ಪ್ರಕಟಿಸಿತು. 2022ರಲ್ಲಿ ಆ ರಾಜ್ಯದ ಮೊದಲ ಕ್ಯಾರವಾನ್ ಪಾರ್ಕ್ ತೆರೆದದ್ದು ಘಟ್ಟದ ಹುಲ್ಲುಗಾವಲುಗಳ ಊರಾದ ವಾಗಮಣ್‌ನಲ್ಲಿ. ಕರ್ನಾಟಕದಲ್ಲಿಯೂ ಬಾಡಿಗೆಯ ಕ್ಯಾರವಾನ್‌ಗಳು ಕೊಡಗು, ಚಿಕ್ಕಮಗಳೂರುಗಳತ್ತ ಮುಖ ಮಾಡಿವೆ. ಅಮೆರಿಕದ ಸಂಖ್ಯೆಗೆ ಹೋಲಿಸಿದರೆ ಇವು ಬೆರಳೆಣಿಕೆಯವು. ಇಂದೇ ಗಾಬರಿಪಡಬೇಕಾಗಿಲ್ಲ. ಆದರೆ ರೆಸಾರ್ಟುಗಳೂ ಹೋಮ್‌ಸ್ಟೇಗಳೂ ಮೊದಲಿಗೆ ಬೆರಳೆಣಿಕೆಯಲ್ಲಿಯೇ ಇದ್ದವು ಎಂಬುದು ಗಿರಿಪ್ರದೇಶದ ಜನರಿಗೆ ನೆನಪಿದೆ.

ಬರುವ ವಾಹನಗಳನ್ನು ಎಣಿಸಬೇಕೆಂಬ ಅರಿವು ತಡವಾಗಿಯಾದರೂ ಮೂಡಿದೆ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ನೀಲಗಿರಿ ಮತ್ತು ಕೊಡೈಕನಾಲ್‌ಗಳಲ್ಲಿ 2024ರ ಮೇ ತಿಂಗಳಿನಲ್ಲಿ ಇ-ಪಾಸ್ ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನಗಳಲ್ಲಿ 6000, ವಾರಾಂತ್ಯದಲ್ಲಿ 8000 ವಾಹನಗಳ ಮಿತಿ ಹಾಕಲಾಯಿತು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಭಾಗಕ್ಕೆ 2025ರಲ್ಲಿ ಮುಂಗಡ ನೋಂದಣಿಯ ವ್ಯವಸ್ಥೆ ಬಂದಿತು. ಇವೆಲ್ಲ ಓಡುವ ವಾಹನಗಳ ಲೆಕ್ಕ. ಬಂದು ನಿಲ್ಲುವ ವಾಹನಗಳ ಲೆಕ್ಕವನ್ನು ಇಡುವವರು ಯಾರು?

ಈ ಲೆಕ್ಕವನ್ನು ಹಳ್ಳಿಯ ಅಳತೆಯಲ್ಲಿಯೇ ಮಾಡಿ ನೋಡಬಹುದು. ದೊಡ್ಡ ವಿಹಾರ ವಾಹನವೊಂದಕ್ಕೆ 12 ಅಡಿ ಅಗಲ, 40 ಅಡಿ ಉದ್ದದ ಜಾಗ ಎಂದರೆ 480 ಚದರ ಅಡಿ. ಅದು ಒಳಬಂದು ತಿರುಗಿ ಹೊರಹೋಗಲು ಬೇಕಾದ ದಾರಿಗೆ ಅಷ್ಟೇ ಜಾಗವನ್ನು ಸೇರಿಸಿದರೆ 960 ಚದರ ಅಡಿ. ಒಂದು ಗುಂಟೆ ಎಂದರೆ 1089 ಚದರ ಅಡಿ. ಅಂದರೆ ಒಂದು ವಾಹನಕ್ಕೆ ಹೆಚ್ಚುಕಡಿಮೆ ಒಂದು ಗುಂಟೆ, ನಲವತ್ತು ವಾಹನಗಳಿಗೆ ಒಂದು ಎಕರೆ. ಎಷ್ಟೋ ಸಣ್ಣ ಹಿಡುವಳಿದಾರರ ಬದುಕು ಅಷ್ಟು ನೆಲದ ಮೇಲೆಯೇ ನಿಂತಿದೆ.

ಬಯಲುಸೀಮೆಯ ಒಂದು ಎಕರೆಯೂ ಗುಡ್ಡದ ಒಂದು ಎಕರೆಯೂ ಒಂದೇ ಅಲ್ಲ. ಗುಡ್ಡದಲ್ಲಿ ಸಮತಟ್ಟು ನೆಲ ಬೇಕೆಂದರೆ ಇಳಿಜಾರನ್ನು ಕಡಿಯಬೇಕು, ಕಡಿದ ಮಣ್ಣನ್ನು ಕೆಳಗೆ ಸುರಿಯಬೇಕು, ಮೇಲಿನ ನೆಲವನ್ನು ಗಟ್ಟಿ ಮಾಡಬೇಕು. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರ್. ಮಲೆನಾಡಿನ ಆಷಾಢದಲ್ಲಿ ಇದು ದೊಡ್ಡ ಮಳೆಯೇನಲ್ಲ. ಹುಲ್ಲು, ತರಗೆಲೆಗಳ ನೆಲ ಅದರಲ್ಲಿ ಬಹುಪಾಲನ್ನು ಹೀರಿಕೊಂಡು ಹಳ್ಳಕ್ಕೆ ನಿಧಾನವಾಗಿ ಬಿಡುತ್ತದೆ. ಡಾಂಬರಿನ ನೆಲ ಅಷ್ಟನ್ನೂ ಒಮ್ಮೆಗೇ ಕೆಳಗಿನ ಗದ್ದೆಯ ಮೇಲೆ, ತೋಟದ ಮೇಲೆ, ಮನೆಯ ಮೇಲೆ ನೂಕುತ್ತದೆ. 2018ರಲ್ಲಿ ಕೊಡಗು, 2024ರಲ್ಲಿ ವಯನಾಡು ಕಂಡ ಭೂಕುಸಿತಗಳ ಬಳಿಕ, ಇಳಿಜಾರನ್ನು ಕಡಿಯುವ ಯಾವ ಕೆಲಸವನ್ನೂ ಚಿಕ್ಕದೆಂದು ಬದಿಗೆ ಸರಿಸುವಂತಿಲ್ಲ.

ಮಲಿನ ನೀರಿನ ಸಂಗತಿಯೂ ಇದೆ. ವಾಹನದೊಳಗಿನ ಶೌಚದ ತೊಟ್ಟಿಯನ್ನು ಎಲ್ಲಿಯಾದರೂ ಖಾಲಿ ಮಾಡಲೇಬೇಕು. ಅದಕ್ಕೆ ತಕ್ಕ ವ್ಯವಸ್ಥೆಯಿಲ್ಲದ ಕಡೆ ಕತ್ತಲಲ್ಲಿ ಅದು ಸೇರುವುದು ಹಳ್ಳವನ್ನೇ. ಆ ಹಳ್ಳದ ಕೆಳಗೆ ಯಾವುದೋ ಊರು ಅದೇ ನೀರನ್ನು ಕುಡಿಯುತ್ತಿರುತ್ತದೆ.

ಯಾವ ದಾರಿ ಹಿಡಿಯಬೇಕು?

ನಿಲುಗಡೆಯಿಂದ ರೈತನಿಗೆ ನಾಲ್ಕು ಕಾಸು ಬಂದರೆ ತಪ್ಪೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾಫಿ, ಅಡಿಕೆ, ಕಾಳುಮೆಣಸಿನ ಬೆಲೆಗಳ ಏರಿಳಿತದಲ್ಲಿ ನಲುಗಿದ ಕುಟುಂಬಕ್ಕೆ ತಿಂಗಳ ಬಾಡಿಗೆ ಆಸರೆಯಾಗಬಲ್ಲದು. ಬ್ರಿಟನ್ನಿನ ರೈತರ ಉದಾಹರಣೆ ಈ ವಾದಕ್ಕೆ ಬಲ ಕೊಡುತ್ತದೆ. ಆದರೆ ಆ ಉದಾಹರಣೆಯನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. ಅಲ್ಲಿ ಹಣ ವಾಹನದ ಒಡೆಯನಿಂದ ಬರುತ್ತದೆ, ಒಪ್ಪಿಗೆ ಊರಿನ ಪ್ರಾಧಿಕಾರದಿಂದ ಬರುತ್ತದೆ. ಖಾಲಿ ಬಿದ್ದ ಅಡಿಕೆ ಒಣಗಿಸುವ ಅಂಗಳ, ಬಳಕೆ ತಪ್ಪಿದ ಗೋದಾಮು, ಮೊದಲೇ ಸಮತಟ್ಟಾಗಿರುವ ಕಣ ಇವುಗಳಲ್ಲಿ ಒಂದೆರಡು ವಾಹನ ನಿಂತರೆ ಗುಡ್ಡಕ್ಕೆ ಕೇಡಿಲ್ಲ. ಅದೇ ಕೆಲಸಕ್ಕೆ ಹೊಸದಾಗಿ ಗುಡ್ಡ ಕಡಿದರೆ ಬಾಡಿಗೆ ಒಬ್ಬನಿಗೆ, ಹೂಳು ಕೆಳಗಿನ ಹತ್ತು ಮನೆಗಳಿಗೆ.

ಇದಕ್ಕಿಂತ ಹೆಚ್ಚಿನ ಅಪಾಯ ಗೋಮಾಳ ಮತ್ತು ಊರೊಟ್ಟಿನ ಜಾಗಗಳಿಗಿದೆ. ‘ಖಾಲಿ ಜಾಗ’ ಎಂಬ ಹೆಸರಿಟ್ಟು ಅವುಗಳನ್ನೇ ಮೊದಲು ತೋರಿಸುವುದು ವಾಡಿಕೆ. ದನ ಮೇಯುವ, ಸೌದೆ ಸಿಗುವ, ನೀರು ಇಂಗುವ ನೆಲ ಖಾಲಿಯಲ್ಲ. ನಗರದ ವಿಹಾರಿಯ ವಾಹನಕ್ಕೆ ಊರೊಟ್ಟಿನ ನೆಲವನ್ನು ಪುಕ್ಕಟೆ ಕೊಡುವುದೆಂದರೆ ದನವುಳ್ಳ ಬಡವ ಕ್ಯಾರವಾನ್ ಉಳ್ಳವನಿಗೆ ದಾನ ಮಾಡಿದಂತೆ.

ಹಾಗಾದರೆ ಅತ್ಯುತ್ತಮ ನಿಲುಗಡೆ ಯಾವುದು? ನಿಲ್ಲುವ ವಾಹನಗಳನ್ನೇ ಕಡಿಮೆ ಮಾಡುವುದು. ವರ್ಷಕ್ಕೆ 20 ದಿನ ಬೇಕಾಗುವ ವಾಹನವನ್ನು ಪ್ರತಿ ಕುಟುಂಬವೂ ಕೊಳ್ಳಬೇಕಾಗಿಲ್ಲ. ಹತ್ತು ಕುಟುಂಬಗಳಿಗೆ ಒಂದು ಬಾಡಿಗೆ ವಾಹನ ಸಾಕು. ಅದು ವರ್ಷಕ್ಕೆ 200 ದಿನ ದುಡಿಯುತ್ತದೆ, ಹತ್ತು ಗುಂಟೆಯ ಬದಲು ಒಂದು ಗುಂಟೆಯಲ್ಲಿ ನಿಲ್ಲುತ್ತದೆ. ಅಮೆರಿಕದಲ್ಲಿಯೂ ಒಡೆಯರು ತಮ್ಮ ವಾಹನವನ್ನು ಇತರರಿಗೆ ಬಾಡಿಗೆಗೆ ಕೊಟ್ಟು ನಿಲುಗಡೆಯ ಖರ್ಚನ್ನು ತೂಗಿಸುವ ರೂಢಿ ಬೆಳೆದಿದೆ. ಭಾರತದಲ್ಲಿ ಈ ಪ್ರವಾಸ ಬಾಡಿಗೆಯ ವಾಹನಗಳಿಂದಲೇ ಆರಂಭವಾಗಿರುವುದು ಒಳ್ಳೆಯದು. ಅದು ಹಾಗೆಯೇ ಉಳಿಯುವಂತೆ ನೀತಿಯೂ ತೆರಿಗೆಯೂ ನೋಡಿಕೊಳ್ಳಬೇಕು. ಆ ವಾಹನಗಳೂ ಬಿಡುವಿನ ದಿನಗಳಲ್ಲಿ ಹೊರಟ ನಗರಕ್ಕೆ ಮರಳಿ ನಿಲ್ಲಬೇಕೇ ಹೊರತು ಗುಡ್ಡದ ಮೇಲಲ್ಲ. ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಬೂಸಲು, ತುಕ್ಕು, ಇಲಿಗಳ ಪಾಲಾಗುವುದರಿಂದ ವಾಹನವೂ ಉಳಿಯುತ್ತದೆ.

ಗ್ರಾಮಸಭೆಗಳ ಮುಂದೆ ಇಂತಹ ಯೋಜನೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ನೆಲ ಯಾರದು, ಅದನ್ನು ಕಡಿಯಬೇಕೇ? ಕೃಷಿಭೂಮಿಯಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಭೂಪರಿವರ್ತನೆಗೆ ಅನುಮತಿ ಇದೆಯೇ? ಮಳೆನೀರು ಯಾವ ಹಳ್ಳಕ್ಕೆ ಹೋಗುತ್ತದೆ, ಶೌಚದ ನೀರು ಎಲ್ಲಿಗೆ? ಒಮ್ಮೆಗೆ ಎಷ್ಟು ವಾಹನ, ಎಷ್ಟು ದಿನ? ಬಿಟ್ಟುಹೋದ ವಾಹನವನ್ನು ತೆಗೆಯುವ ಖರ್ಚಿಗೆ ಠೇವಣಿ ಯಾರು ಇಡುತ್ತಾರೆ? ಉತ್ತರಗಳನ್ನು ಬರಹದಲ್ಲಿ ಪಡೆದು ನಡಾವಳಿ ಪುಸ್ತಕದಲ್ಲಿ ದಾಖಲಿಸಬೇಕು. ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಗೋಮಾಳ, ಕಣ, ಖಾಲಿ ಗೋದಾಮುಗಳ ಪಟ್ಟಿಯನ್ನೂ ಹಳ್ಳಗಳ ನಕ್ಷೆಯನ್ನೂ ಈಗಲೇ ಸಿದ್ಧಪಡಿಸಿಕೊಟ್ಟರೆ ಸಭೆಯ ಕೈಗೆ ಬಲ ಬರುತ್ತದೆ.

ಗುಡ್ಡವನ್ನು ನೋಡಲು ಬರುವವರು ಬರಲಿ. ಗುಡ್ಡದ ಜನ ಅತಿಥಿಯನ್ನು ಹೊಸ್ತಿಲಲ್ಲಿ ತಡೆದವರಲ್ಲ. ಆದರೆ ಅತಿಥಿ ಹೋದ ಮೇಲೂ ಅವನ ಬಂಡಿ ಅಂಗಳದಲ್ಲೇ ಉಳಿದರೆ ಅದರ ಬಾಡಿಗೆಯನ್ನು ಅವನೇ ತೆರಬೇಕು. ಅವನು ತೆರದಿದ್ದರೆ ಮಣ್ಣಿನಲ್ಲಿ, ನೀರಿನಲ್ಲಿ, ಮೇವಿನಲ್ಲಿ ಅದನ್ನು ತೆರುವವರು ಇಲ್ಲಿಯೇ ಬಾಳುವ ಜನ.